ಕಲಿಸಿದವರೂ ನೀವೇ, ಸಾಲ ಕೊಡಬೇಕಾದವರೂ ನೀವೇ: ಆರ್‌ಸೆಟಿ ನಡೆಸುವ ಬ್ಯಾಂಕುಗಳಿಗೆ ಬಹಿರಂಗ ಪತ್ರ

ಗೆ,
ಸಂಚಾಲಕರು, ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ, ಬೆಂಗಳೂರು
ಹಾಗೂ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು (ಆರ್‌ಸೆಟಿ) ನಡೆಸುತ್ತಿರುವ ಬ್ಯಾಂಕುಗಳ ಮುಖ್ಯಸ್ಥರು

ಮಾನ್ಯರೇ,

ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ 45 ದಿನ. ಮೊಬೈಲ್ ರಿಪೇರಿ 30 ದಿನ. ಸಿಸಿಟಿವಿ ಅಳವಡಿಕೆ 13 ದಿನ. ಊಟ, ವಸತಿ, ಪಾಠ ಎಲ್ಲವೂ ಉಚಿತ. ನಿಮ್ಮ ಆರ್‌ಸೆಟಿಗಳ ಇಂಥ ಪ್ರಕಟಣೆ ಪಂಚಾಯಿತಿ ಗೋಡೆಗೆ ಬಿದ್ದಾಗ ವಿಚಾರಿಸಲು ಬರುವವರು ಪಿಯುಸಿ ಮುಗಿಸಿದ ಹುಡುಗರಷ್ಟೇ ಅಲ್ಲ. ಗಾರ್ಮೆಂಟ್ಸ್ ಬಿಟ್ಟು ಊರಿಗೆ ಮರಳಿದ ಹೆಣ್ಣುಮಕ್ಕಳು, ಕಂತು ಕಟ್ಟಲಾಗದೆ ಗೂಡ್ಸ್ ಆಟೋ ಮಾರಿದವರು, ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಂಡಿದ್ದವರು, ಮಳೆ ನಂಬಿ ಸಾಕಾದ ರೈತರು ಬರುತ್ತಾರೆ. ಮೂವತ್ತು ದಾಟಿದ ಮೇಲೆ, ಹೆಗಲ ಮೇಲೆ ಸಂಸಾರ ಇರುವಾಗ ಕಸುಬು ಬದಲಿಸಲು ಹೊರಟವರು ಇವರು. ಈ ಪತ್ರ ಅವರ ಪರವಾಗಿ.

ಈ ಪದ್ಧತಿ ಹುಟ್ಟಿದ್ದು ನಮ್ಮಲ್ಲೇ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದವು. ಅದರ ಮಾದರಿಯನ್ನೇ ಹಿಡಿದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಜಿಲ್ಲೆಗೊಂದು ಆರ್‌ಸೆಟಿ ಇರಲಿ ಎಂದು ಮಾರ್ಗಸೂಚಿ ಹೊರಡಿಸಿತು. ಕಲಿಸುವ ಕೆಲಸವಷ್ಟೇ ಆಗಿದ್ದರೆ ಐಟಿಐ ಸಾಕಿತ್ತು. ಬ್ಯಾಂಕನ್ನು ಇದರೊಳಗೆ ತಂದದ್ದಕ್ಕೆ ಕಾರಣ ಒಂದೇ: ಕಲಿತವನ ಕೈಗೆ ಬಂಡವಾಳವೂ ಅದೇ ಬಾಗಿಲಿನಿಂದ ಸಿಗಲಿ ಎಂದು. ತರಬೇತಿ ಕೇಂದ್ರದ ನಿರ್ದೇಶಕರು ನಿಮ್ಮದೇ ಬ್ಯಾಂಕಿನ ಅಧಿಕಾರಿ; ಸಾಲ ಕೊಡಬೇಕಾದ ಶಾಖೆಯ ಮ್ಯಾನೇಜರರೂ ನಿಮ್ಮವರೇ. ಹಾಗಿದ್ದೂ ಈ ಇಬ್ಬರ ನಡುವೆ ಓಡಾಡಿ ಚಪ್ಪಲಿ ಸವೆಸುವುದು ಮಾತ್ರ ಅಭ್ಯರ್ಥಿ. ಪಾಠದ ಕೊರತೆಗಳನ್ನೂ ಮುಂದೆ ಹೇಳುತ್ತೇವೆ. ಆದರೆ ದೊಡ್ಡ ಬಿರುಕು ಇರುವುದು ಇಲ್ಲಿ.

ಮೊದಲು ಕೂಲಿಯ ಮಾತು. ತರಬೇತಿ ಉಚಿತ ನಿಜ, ಆದರೆ 45 ದಿನದ ದುಡಿಮೆ ನಿಲ್ಲುತ್ತದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂ. ಇತ್ತು. ಆ ಲೆಕ್ಕದಲ್ಲೇ 45 ದಿನಕ್ಕೆ 16,650 ರೂ. ಆಗುತ್ತದೆ. ಇಪ್ಪತ್ತರ ಹುಡುಗನಿಗೆ ಇದು ಲೆಕ್ಕಕ್ಕಿಲ್ಲ, ಮನೆಯವರು ನೋಡಿಕೊಳ್ಳುತ್ತಾರೆ. ಎರಡು ಮಕ್ಕಳಿರುವವರು ಮೂರನೆಯ ವಾರ ಬ್ಯಾಗ್ ಎತ್ತಿಕೊಂಡು ಹೊರಡುವುದಕ್ಕೆ ಆಸಕ್ತಿಯ ಕೊರತೆ ಕಾರಣವಲ್ಲ. ಬ್ಯಾಚನ್ನು ಎರಡು ಭಾಗ ಮಾಡಿ, ನಡುವೆ ಹದಿನೈದು ದಿನ ಬಿಡುವು ಕೊಟ್ಟರೆ ಆ ಅವಧಿಯಲ್ಲಿ ಅವರು ಊರಿಗೆ ಹೋಗಿ ದುಡಿದುಕೊಂಡು ಬರಬಹುದು, ಕಲಿತಿದ್ದನ್ನು ನೆರೆಹೊರೆಯ ಕಂಪ್ಯೂಟರಿನ ಮೇಲೆ ಪ್ರಯೋಗಿಸಿಯೂ ನೋಡಬಹುದು. ಹತ್ತಿರದ ಊರಿನ ತಾಯಂದಿರಿಗೆ ಹಾಸ್ಟೆಲ್ ಕಡ್ಡಾಯ ಮಾಡಬೇಡಿ.

ಇನ್ನು ಪಾಠ. ಇಂದಿಗೂ ಹಲವು ಕಡೆ ಮೊದಲ ಹತ್ತು ದಿನ ಕಂಪ್ಯೂಟರಿನ ಪೀಳಿಗೆಗಳು, ಮದರ್‌ಬೋರ್ಡಿನ ಚಿತ್ರ, ಸಿಡಿ ಡ್ರೈವ್ ಬಿಚ್ಚಿ ಜೋಡಿಸುವುದರಲ್ಲೇ ಕಳೆಯುತ್ತದೆ. ತಾಲ್ಲೂಕು ಕೇಂದ್ರದ ಅಂಗಡಿಗೆ ಈಗ ಬರುವ ಕೆಲಸವೇ ಬೇರೆ. ಮುಕ್ಕಾಲು ಪಾಲು ಲ್ಯಾಪ್‌ಟಾಪು. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕುವುದು, ಹಳೆಯ ಡೇಟಾ ಉಳಿಸಿಕೊಡುವುದು, ಪ್ರಿಂಟರು, ವೈಫೈ. ಗ್ರಾಮ ಒನ್ ಕೇಂದ್ರದವರು, ಪಡಿತರ ಅಂಗಡಿಯವರು, ಹಳ್ಳಿಯಲ್ಲಿ ನಿಮ್ಮ ಪರವಾಗಿ ವ್ಯವಹಾರ ಮಾಡಿಕೊಡುವ ಬ್ಯಾಂಕ್ ಮಿತ್ರರು ಬೆರಳಚ್ಚು ಸ್ಕ್ಯಾನರ್ ಹಿಡಿದು ಬರುತ್ತಾರೆ. ಬೆರಳಚ್ಚನ್ನು ಆಧಾರ್ ಪರಿಶೀಲನೆಗೆ ಕಳಿಸುವ ‘ಆರ್‌ಡಿ ಸರ್ವಿಸ್’ ಎಂಬ ತಂತ್ರಾಂಶ ನಿಂತುಹೋಗಿರುತ್ತದೆ, ಇಲ್ಲವೇ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಡ್ರೈವರ್ ಕೈಕೊಟ್ಟಿರುತ್ತದೆ. ಹಳ್ಳಿಯಲ್ಲಿ ದಿನನಿತ್ಯ ದುಡ್ಡು ತರುವ ಈ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯೂ ಇರುವುದಿಲ್ಲ.

ದೋಷ ಹುಡುಕುವ ಕ್ರಮ ಕಲಿಸದೆ ಬಿಡಿಭಾಗ ಬದಲಿಸುವುದನ್ನು ಕಲಿಸಿದರೆ ಹೊಸಬ ಮೊದಲ ತಿಂಗಳೇ ಕೈ ಸುಟ್ಟುಕೊಳ್ಳುತ್ತಾನೆ. ಡೆಸ್ಕ್‌ಟಾಪ್ ಆನ್ ಆಗುತ್ತಿಲ್ಲ ಎಂದರೆ ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜುವುದು ಎಲ್ಲರಿಗೂ ಬರುತ್ತದೆ. ಅದಕ್ಕೂ ಮುಂಚೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ನೋಡಬೇಕು. 24 ಪಿನ್ನಿನ ಕನೆಕ್ಟರ್ ಬಿಡಿಸಿ, ಹಸಿರು ತಂತಿಯನ್ನು ಯಾವುದಾದರೂ ಕಪ್ಪು ತಂತಿಗೆ ಜೋಡಿಸಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಸಾಲದು, ಮಲ್ಟಿಮೀಟರಿನಲ್ಲಿ ಹಳದಿ ತಂತಿ 11.4ರಿಂದ 12.6 ವೋಲ್ಟ್, ಕೆಂಪು 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಇಷ್ಟು ಅಳೆಯದೆ ಮದರ್‌ಬೋರ್ಡ್ ಹೋಗಿದೆ ಎಂದು ಗಿರಾಕಿಗೆ ಹೇಳಿ ಹೊಸ ಬೋರ್ಡ್ ತರಿಸಿದವನಿಗೆ ಆ ಬೋರ್ಡ್ ತಲೆಯ ಮೇಲೆ ಬೀಳುತ್ತದೆ. ಮತ್ತೊಂದು ಸಣ್ಣ ವಿಷಯ. ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಸೆಲ್ ಸತ್ತರೆ ಪ್ರತಿ ಬೆಳಿಗ್ಗೆ ಗಡಿಯಾರ ಹಳೆಯ ವರ್ಷಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ ಕಂಪ್ಯೂಟರಿನಲ್ಲಿ ಬ್ಯಾಂಕಿನ, ಸರ್ಕಾರದ ವೆಬ್‌ಸೈಟುಗಳು ‘ಸುರಕ್ಷಿತವಲ್ಲ’ ಎಂದು ತೆರೆಯಲು ನಿರಾಕರಿಸುತ್ತವೆ. ಗಿರಾಕಿ ವೈರಸ್ ಎನ್ನುತ್ತಾನೆ, ಅರೆಬರೆ ಕಲಿತವನು ಇಡೀ ವಿಂಡೋಸ್ ಅಳಿಸಿ ಹೊಸದಾಗಿ ಹಾಕುತ್ತಾನೆ, ಮಾರನೆಯ ದಿನ ಅದೇ ದೂರು.

ವಿಂಡೋಸ್ ಅಳಿಸುವ ಈ ಚಟ ಈಗ ಮೊದಲಿಗಿಂತ ದುಬಾರಿ. ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಸಾಕು, ಎಷ್ಟೋ ಸಲ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಒಳಗಿನ ಡೇಟಾಕ್ಕೆ ಬೀಗ ಬಿದ್ದಿರುತ್ತದೆ. ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬೋರ್ಡಿನ ಮೂಲ ಸೆಟ್ಟಿಂಗ್ (ಬಯಾಸ್) ಮುಟ್ಟಿದರೂ, ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದೆ ಮದುವೆಯ ಫೋಟೋ, ಜಮೀನಿನ ಕಾಗದದ ಸ್ಕ್ಯಾನ್ ಯಾವುದೂ ವಾಪಸ್ ಬರುವುದಿಲ್ಲ. ಲ್ಯಾಪ್‌ಟಾಪ್ ಕೈಗೆ ತೆಗೆದುಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಆ ಕೀ ಇದೆಯೇ ಎಂಬುದು, ರಿಪೇರಿಗೆ ಪಡೆದ ಯಂತ್ರದ ವಿವರದ ಚೀಟಿಯಲ್ಲಿ (ಜಾಬ್ ಕಾರ್ಡ್) ಬರೆದು ಸಹಿ ಹಾಕಿಸಿಕೊಳ್ಳಬೇಕಾದ ಮೊದಲ ಸಾಲೂ ಇದೇ. ನಿಮ್ಮ ಪಠ್ಯದಲ್ಲಿ ಬಿಲ್ ಪುಸ್ತಕ ಬರೆಯುವುದನ್ನು ಹೇಳಿಕೊಡುತ್ತೀರಿ, ಒಳ್ಳೆಯದು. ಜಾಬ್ ಕಾರ್ಡನ್ನೂ ಸೇರಿಸಿ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವ ಯಂತ್ರಗಳು ಅಧಿಕೃತವಾಗಿ 11ಕ್ಕೆ ಏರುವುದಿಲ್ಲ. ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ ಅಂಥ ಯಂತ್ರಗಳು ಕಂತೆ ಕಂತೆ ಇವೆ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿ ಐನೂರು ರೂಪಾಯಿ ಪಡೆಯುವ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ, ಅದು ಬಜಾರಿನಲ್ಲೇ ಸಿಗುತ್ತದೆ. ಆ ಯಂತ್ರಕ್ಕೆ ಉಬುಂಟು ಹಾಕಿ, ನುಡಿ, ಬರಹ ತಂತ್ರಾಂಶಗಳಿಗೆ ಒಗ್ಗಿದ ಗುಮಾಸ್ತರಿಗೆ ಯುನಿಕೋಡ್ ಕೀಲಿಮಣೆ ಹೊಂದಿಸಿ, ಪ್ರಿಂಟರ್ ಜೋಡಿಸಿಕೊಡುವುದು ಎರಡು ದಿನದ ಪಾಠ. ಅದು ಕಾನೂನುಬದ್ಧ ದುಡಿಮೆ. ಬ್ಯಾಂಕಿನ ಹೆಸರಿನ ಪ್ರಮಾಣಪತ್ರ ಹಿಡಿದವರು ಕಳ್ಳ ಸಾಫ್ಟ್‌ವೇರ್ ಹಂಚುವುದು ನಿಮಗೂ ಶೋಭೆಯಲ್ಲ.

ನೆಟ್‌ವರ್ಕಿಂಗ್ ಪಾಠದಲ್ಲಿ ಕೇಬಲ್ಲಿನೊಳಗಿನ ಎಂಟು ತಂತಿಗಳ ಬಣ್ಣದ ಕ್ರಮವನ್ನು ಬಾಯಿಪಾಠ ಮಾಡಿಸುತ್ತಾರೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯನ್ನು ಯಾಕೆ ಒಡೆದು ಮೂರು ಮತ್ತು ಆರನೆಯ ಪಿನ್ನಿಗೆ ಹಾಕಬೇಕು ಎಂದು ಹೇಳುವುದಿಲ್ಲ. ಹೇಳದಿದ್ದರೆ ಆಗುವುದು ಇದು: ಮರೆತವನು ಜೋಡಿಗಳನ್ನು ಸಾಲಾಗಿ ಕೂರಿಸುತ್ತಾನೆ, ಎರಡೂ ತುದಿಯಲ್ಲಿ ಒಂದೇ ರೀತಿ. ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪ ಸರಿಯಾಗಿಯೇ ಹತ್ತುತ್ತದೆ. ಎರಡು ಮೀಟರ್ ತಂತಿಯಲ್ಲಿ ಇಂಟರ್‌ನೆಟ್ ಬರುತ್ತದೆ, ನಲವತ್ತು ಮೀಟರಿನಲ್ಲಿ ಎಡವುತ್ತದೆ. ಮೂರು ಮತ್ತು ಆರನೆಯ ಪಿನ್ನಿನ ಸಂಕೇತ ಒಂದಕ್ಕೊಂದು ಹೆಣೆದ ಜೋಡಿಯಲ್ಲೇ ಹೋಗಬೇಕು. ಎರಡು ಬೇರೆ ಜೋಡಿಗಳಿಗೆ ಹಂಚಿಹೋದರೆ ಪಕ್ಕದ ತಂತಿಯ ಗದ್ದಲ ಒಳಗೆ ನುಗ್ಗುತ್ತದೆ. ಇದು ತಿಳಿಯದವನು ರೂಟರ್ ಬದಲಿಸು, ಸ್ವಿಚ್ ಬದಲಿಸು ಎಂದು ಗಿರಾಕಿಯ ಹಣ ಕಳೆಯುತ್ತಾನೆ.

ಸಿಸಿಟಿವಿಗೆ 13 ದಿನ ಸಾಕು, ಆ ದಿನಗಳಲ್ಲಿ ಲೆಕ್ಕ ಕಲಿಸಿದರೆ. ತೋಟದ ಮನೆಯಿಂದ ಗೇಟಿಗೆ 60 ಮೀಟರ್ ಎನ್ನಿ. 0.5 ಚದರ ಮಿಲಿಮೀಟರಿನ ಅಸಲಿ ತಾಮ್ರದ ತಂತಿಯೇ ಆದರೂ ಹೋಗಿ ಬರುವ 120 ಮೀಟರಿಗೆ ಸುಮಾರು 4 ಓಮ್ ಅಡ್ಡಿ. ಹಗಲಿನಲ್ಲಿ ಕ್ಯಾಮೆರಾ 0.2 ಆಂಪಿಯರ್ ಎಳೆದರೆ ದಾರಿಯಲ್ಲಿ ಕಳೆಯುವುದು 0.8 ವೋಲ್ಟ್, ತೊಂದರೆಯಿಲ್ಲ. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದಾಗ ಅರ್ಧ ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನಲ್ಲಿ 2 ವೋಲ್ಟ್ ದಾರಿಯಲ್ಲೇ ಕಳೆದು ಗೇಟಿಗೆ ತಲುಪುವುದು 10 ವೋಲ್ಟ್. ಕ್ಯಾಮೆರಾ ಆರಿ ಹತ್ತಲು ಶುರು. ಹಗಲು ಸರಿ, ರಾತ್ರಿ ಇಲ್ಲ. ಟೆಕ್ನಿಷಿಯನ್ ಬರುವುದು ಹಗಲಿನಲ್ಲಿ, ಆಗ ಎಲ್ಲ ನೆಟ್ಟಗಿರುತ್ತದೆ! ಅಗ್ಗದ ಕೇಬಲ್ಲಿನೊಳಗೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇದ್ದರೆ ಇನ್ನೂ ಬೇಗ ಹೀಗಾಗುತ್ತದೆ. ರೆಕಾರ್ಡಿಂಗ್ ಲೆಕ್ಕವೂ ಇಷ್ಟೇ ನೇರ. ಸೆಕೆಂಡಿಗೆ 2 ಮೆಗಾಬಿಟ್ ದರದ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ, ನಾಲ್ಕು ಕ್ಯಾಮೆರಾ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ಮುಗಿಯಿತು. ಒಂದು ತಿಂಗಳು ಉಳಿಯುತ್ತದೆ ಎಂದು ಮಾತು ಕೊಟ್ಟು 1 ಟಿಬಿ ಹಾಕಿದ ಹುಡುಗ, ಕಳ್ಳತನವಾಗಿ ಇಪ್ಪತ್ತನೆಯ ದಿನ ಪೊಲೀಸರು ಬಂದಾಗ ಏನು ತೋರಿಸುತ್ತಾನೆ?

ಇಷ್ಟು ಕಲಿಸಲು ಬೇಕಾದ ಸಾಮಗ್ರಿ ದೊಡ್ಡದೇನಲ್ಲ. ಕೆಟ್ಟ ಲ್ಯಾಪ್‌ಟಾಪ್ ಹತ್ತು, ಕೆಟ್ಟ ಎಸ್‌ಎಂಪಿಎಸ್ ಇಪ್ಪತ್ತು, ಒಂದು ಪೂರ್ತಿ ಕೇಬಲ್ ಬಾಕ್ಸ್, ಮೂವರಿಗೊಂದು ಮಲ್ಟಿಮೀಟರ್. ಸರಿ ಇರುವ ಯಂತ್ರ ಬಿಚ್ಚಿ ಜೋಡಿಸುವುದರಿಂದ ಯಾರೂ ರಿಪೇರಿ ಕಲಿಯುವುದಿಲ್ಲ. ನಿಮ್ಮ ಶಾಖೆಗಳಿಂದ ವಿಲೇವಾರಿಯಾಗುವ ಹಳೆಯ ಕಂಪ್ಯೂಟರುಗಳನ್ನು, ಡಿಸ್ಕ್ ತೆಗೆದು, ಗುಜರಿಗೆ ಹಾಕುವ ಮೊದಲು ಆರ್‌ಸೆಟಿಗೆ ಕಳಿಸಿದರೆ ಅರ್ಧ ಪ್ರಯೋಗಾಲಯ ಅಲ್ಲೇ ಸಿದ್ಧ.

ಈಗ ಸಾಲ. ಟವರ್ ಕಟ್ಟುವ ಆಟ, ರಿಂಗ್ ಎಸೆಯುವ ಆಟ ಆಡಿಸಿ ಉದ್ಯಮಶೀಲತೆ ಕಲಿಸುತ್ತೀರಿ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ; ಮೂವತ್ತೈದರ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂತವರ ಅಂಜಿಕೆ ಬಿಡಿಸಲು ಆ ಆಟಗಳು ಬೇಕು. ಆದರೆ ಸಾಲದ ಅರ್ಜಿ ತುಂಬುವುದು ಕೊನೆಯ ಎರಡು ದಿನಕ್ಕೆ ಉಳಿಯುತ್ತದೆ, ಪ್ರಮಾಣಪತ್ರ ಹಂಚುವ ಗಡಿಬಿಡಿಯಲ್ಲಿ. ಆಮೇಲೆ ಶಾಖೆಯಲ್ಲಿ ತೊಡಕು ಶುರುವಾಗುತ್ತದೆ, ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಅಭ್ಯರ್ಥಿ ಹಳೆಯ ಕೆಲಸಕ್ಕೆ ಮರಳಿರುತ್ತಾನೆ.

ನಿಮ್ಮ 45 ದಿನದ ಅವಧಿಯಲ್ಲೇ ಈ ತೊಡಕು ಬಿಡಿಸಬಹುದು. ಅರ್ಜಿ ತಿರಸ್ಕಾರಕ್ಕೆ ಮೊದಲ ಕಾರಣ ಸಿಬಿಲ್, ಅಂದರೆ ಹಳೆಯ ಸಾಲಗಳ ದಾಖಲೆ ಮತ್ತು ಅದಕ್ಕೆ ಕೊಡುವ ಅಂಕ. ಎಂದೋ ಕಂತಿನಲ್ಲಿ ಕೊಂಡ ಮೊಬೈಲಿನ 900 ರೂಪಾಯಿ ಬಾಕಿ, ಕಟ್ಟಿ ಮುಗಿಸಿದರೂ ‘ಮುಗಿದಿಲ್ಲ’ ಎಂದೇ ಕಾಣುವ ಮೈಕ್ರೋಫೈನಾನ್ಸ್ ಸಾಲ, ಅದೇ ಹೆಸರಿನ ಇನ್ಯಾರದೋ ಖಾತೆ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದೆ ಎಂದು ದೂರು ಕೊಟ್ಟರೆ 30 ದಿನದಲ್ಲಿ ಇತ್ಯರ್ಥ ಮಾಡಬೇಕು, ತಡವಾದರೆ ದಿನಕ್ಕೆ 100 ರೂ. ಪರಿಹಾರ ಎಂಬ ನಿಯಮವೂ ಇದೆ. ತರಬೇತಿಯ ಮೊದಲ ವಾರದಲ್ಲೇ ಎಲ್ಲರ ವರದಿ ತೆಗೆಸಿ ದೂರು ಹಾಕಿಸಿದರೆ ಪ್ರಮಾಣಪತ್ರ ಕೈಗೆ ಬರುವ ಮೊದಲೇ ಅದು ಸರಿಯಾಗಿರುತ್ತದೆ. ಹಿಂದೆ ಸಾಲವನ್ನೇ ಮಾಡದವರಿಗೆ ಅಂಕವೇ ಇರುವುದಿಲ್ಲ. ಆ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ ನಿಮಗೇ ತಿಳಿಸಿದೆ. ಎರಡನೆಯ ವಾರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿಸಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ‘ಉದ್ಯಮ್’ ನೋಂದಣಿಯೇ ಮುಂದೆ ಹೋಗದು. ಅಂದಹಾಗೆ ಆ ನೋಂದಣಿ ಪೂರ್ತಿ ಉಚಿತ. ಸೈಬರ್ ಸೆಂಟರಿನವರಿಗೆ ಸಾವಿರಗಟ್ಟಲೆ ಕೊಟ್ಟು ಮಾಡಿಸಿಕೊಂಡವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಅಂಗಡಿಯ ಕರಾರುಪತ್ರ ಮತ್ತೊಂದು ಗಂಟು. ಮುಂಗಡ ಕೊಡದೆ ಮಾಲೀಕ ಕರಾರಿಗೆ ಸಹಿ ಹಾಕುವುದಿಲ್ಲ, ಕರಾರು ತೋರಿಸದೆ ಶಾಖೆ ಸಾಲ ಕೊಡುವುದಿಲ್ಲ, ಸಾಲ ಬಾರದೆ ಮುಂಗಡ ಇಲ್ಲ. ಮಾಲೀಕರ ಒಪ್ಪಿಗೆ ಪತ್ರವನ್ನೇ ಮಂಜೂರಾತಿಗೆ ಸಾಕೆಂದು ಒಪ್ಪಿ, ಕರಾರನ್ನು ಹಣ ಬಿಡುಗಡೆಯ ಹೊತ್ತಿಗೆ ಕೇಳಿದರೆ ಗಂಟು ಸಡಿಲವಾಗುತ್ತದೆ.

ಯೋಜನಾ ವರದಿಯಲ್ಲಿ ನಡೆಯುವ ಒಂದು ವಿಚಿತ್ರವನ್ನು ನಿಮ್ಮ ಗಮನಕ್ಕೆ ತರಲೇಬೇಕು. ಹೋಬಳಿ ಮಟ್ಟದ ಸರ್ವಿಸ್ ಅಂಗಡಿಗೆ ನಮ್ಮ ಅಂದಾಜು ಒಂದೂವರೆ ಲಕ್ಷ. ಉಪಕರಣ 15,000, ಪರೀಕ್ಷೆಗೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಮತ್ತು ಮಾನಿಟರ್ 15,000, ಮೇಜು, ಕಪಾಟು, ಬೋರ್ಡಿಗೆ 20,000, ಅಂಗಡಿ ಮುಂಗಡ 30,000, ಎಸ್‌ಎಸ್‌ಡಿ, ರ‍್ಯಾಮ್, ಅಡಾಪ್ಟರ್, ಕೇಬಲ್ ದಾಸ್ತಾನಿಗೆ 60,000, ಕೈಖರ್ಚಿಗೆ 10,000. ಗಮನಿಸಿ, ಇದರಲ್ಲಿ ‘ಯಂತ್ರ’ ಎನ್ನಬಹುದಾದದ್ದು 30,000 ರೂಪಾಯಿಯದು ಮಾತ್ರ. ಆದರೆ ಶಾಖೆಗಳು ಕೊಟೇಶನ್ ನೋಡಿ ಪೂರೈಕೆದಾರರ ಖಾತೆಗೆ ನೇರ ಹಣ ಹಾಕುವುದಕ್ಕೆ ಒಗ್ಗಿವೆ. ದಾಸ್ತಾನಿಗೆ, ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಕೊಟೇಶನ್ ಎಲ್ಲಿಂದ ತರುವುದು? ಹಾಗಾಗಿ ಹುಡುಗರು ಎರಡು ಹೊಸ ಕಂಪ್ಯೂಟರ್, ಒಂದು ದೊಡ್ಡ ಪ್ರಿಂಟರ್ ಎಂದು ವರದಿ ಬರೆಯುತ್ತಾರೆ. ರಿಪೇರಿ ಕಲಿತವರು ಜೆರಾಕ್ಸ್ ಅಂಗಡಿ ಇಡುತ್ತಾರೆ, ಈಗಾಗಲೇ ನಾಲ್ಕು ಜೆರಾಕ್ಸ್ ಅಂಗಡಿ ಇರುವ ರಸ್ತೆಯಲ್ಲಿ. ಸರ್ವಿಸ್ ಕಸುಬಿಗೆ ಯಂತ್ರ ಕೊಳ್ಳುವ ಅವಧಿ ಸಾಲ ಕಡಿಮೆ, ದಾಸ್ತಾನು ಮತ್ತು ಕೈಖರ್ಚಿನ ದುಡಿಯುವ ಬಂಡವಾಳ ಹೆಚ್ಚು ಬೇಕು ಎಂಬುದನ್ನು ಶಾಖೆಗಳಿಗೆ ಒಂದು ಮಾದರಿ ವರದಿಯ ಮೂಲಕ ತಿಳಿಸಿ.

ಮೊತ್ತದ ವಿಷಯವೂ ಅಷ್ಟೇ. ಒಂದೂವರೆ ಲಕ್ಷ, ಸಣ್ಣ ಉದ್ದಿಮೆಗಳ ಸಾಲಕ್ಕಿರುವ ಮುದ್ರಾ ಯೋಜನೆಯ ‘ಕಿಶೋರ’ ವರ್ಗಕ್ಕೆ ಬರುತ್ತದೆ. ಅದಕ್ಕಿಂತ ಕೆಳಗಿನ ‘ಶಿಶು’ ವರ್ಗದಲ್ಲೇ ಮುಗಿಸಿಬಿಡೋಣ ಎಂದು 50,000ಕ್ಕೆ ಇಳಿಸಿದರೆ ಬ್ಯಾಂಕಿನ ಲೆಕ್ಕದಲ್ಲಿ ಒಂದು ಸಾಲ ಏರುತ್ತದೆ, ಊರಿನಲ್ಲಿ ಒಂದು ಅಂಗಡಿ ಏಳುವುದಿಲ್ಲ. ಉಳಿದ ಲಕ್ಷಕ್ಕೆ ಅವರು ವಾರದ ಬಡ್ಡಿಯವರ ಮನೆಗೆ ಹೋಗುತ್ತಾರೆ. ಇನ್ನು ಅಡಮಾನ. ಕಿರು, ಸಣ್ಣ ಉದ್ದಿಮೆಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು. ‘ಆಸ್ತಿ ಪತ್ರ ಬೇಡ, ಆದರೆ ಒಬ್ಬ ಸರ್ಕಾರಿ ನೌಕರರನ್ನು ಜಾಮೀನಿಗೆ ಕರೆದುಕೊಂಡು ಬಾ’ ಎಂಬ ಮಾತು ಕೌಂಟರಿನ ಆಚೆಯಿಂದ ಈಗಲೂ ಕೇಳಿಬರುತ್ತದೆ. ಹಾಗೆಯೇ, ಮೊದಲ ಕಂತು ಮುಂದಿನ ತಿಂಗಳೇ ಬೇಡ. ಶೇ. 11ರ ಬಡ್ಡಿ, 36 ಕಂತು ಎಂದಾದರೆ ಒಂದೂವರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 4,900 ರೂ. ಸರ್ವಿಸ್ ಚಾರ್ಜ್ 300 ಎಂದರೆ ಕಂತಿಗಾಗಿಯೇ 17 ಕೆಲಸ. ಹೊಸ ಅಂಗಡಿಗೆ ಅಷ್ಟು ಗಿರಾಕಿ ಬರಲು ಮೂರು ತಿಂಗಳಾದರೂ ಹಿಡಿಯುತ್ತದೆ, ಅಷ್ಟು ರಜೆ ಕೊಡಿ.

ತರಬೇತಿಯ ನಂತರ ಎರಡು ವರ್ಷ ಬೆನ್ನಿಗಿರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ನಡೆಯುವುದು ‘ಹೇಗಿದ್ದೀರಿ, ಕೆಲಸ ನಡೀತಿದೆಯಾ’ ಎಂಬ ಫೋನು. ಮೊಬೈಲ್ ಅಂಗಡಿಯಲ್ಲಿ ಸಂಬಳಕ್ಕೆ ನಿಂತವರೂ, ಸ್ವಂತ ಅಂಗಡಿ ಇಟ್ಟವರೂ ‘ನೆಲೆಗೊಂಡವರು’ ಎಂಬ ಒಂದೇ ಮೊತ್ತದೊಳಗೆ ಸೇರುತ್ತಾರೆ. ಇಬ್ಬರೂ ದುಡಿಯುತ್ತಿದ್ದಾರೆ, ಸರಿ. ಆದರೆ ಸಾಲ ಸಿಗದೆ ಸಂಬಳಕ್ಕೆ ನಿಂತವರೆಷ್ಟು ಎಂಬುದು ಅಲ್ಲಿಯೇ ಮುಚ್ಚಿಹೋಗುತ್ತದೆ. ಫೋನಿನ ಬದಲು ಆರು ತಿಂಗಳಿಗೊಮ್ಮೆ ಮೂರು ದಿನ ಮರಳಿ ಕರೆಸಿ. ಈ ಕಸುಬಿನಲ್ಲಿ ಎರಡು ವರ್ಷ ಹಳೆಯ ಜ್ಞಾನ ಹಳಸುತ್ತದೆ.

ಕೊನೆಯದಾಗಿ, ಜಿಲ್ಲೆಯಲ್ಲಿ ಕಂಪ್ಯೂಟರ್, ಸಿಸಿಟಿವಿ, ಯುಪಿಎಸ್ ಹೆಚ್ಚು ಬಳಸುವ ಗಿರಾಕಿಗಳಲ್ಲಿ ನೀವೂ ಒಬ್ಬರು. ವಾರ್ಷಿಕ ನಿರ್ವಹಣೆಯನ್ನು ದೊಡ್ಡ ಟೆಂಡರಿನಲ್ಲಿ ಕೊಡುತ್ತೀರಿ, ಆ ಕಂಪನಿಗಳು ಸ್ಥಳೀಯ ಹುಡುಗರನ್ನು ಕರೆಗಿಷ್ಟು ಎಂದು ಕಳಿಸುತ್ತವೆ. ಕೋರ್ ಬ್ಯಾಂಕಿಂಗ್ ಯಂತ್ರಗಳನ್ನು ಯಾರೂ ಮುಟ್ಟಲಿ ಎಂದು ನಾವು ಕೇಳುತ್ತಿಲ್ಲ, ಅದರ ಭದ್ರತೆ ಬೇರೆ. ಆದರೆ ಬ್ಯಾಂಕ್ ಮಿತ್ರರ ಲ್ಯಾಪ್‌ಟಾಪ್ ಮತ್ತು ಸ್ಕ್ಯಾನರ್, ಆರ್‌ಸೆಟಿಯ ಸ್ವಂತ ಕಟ್ಟಡದ ಕ್ಯಾಮೆರಾ, ನೆಟ್‌ವರ್ಕ್ ಕೇಬಲ್ಲು, ಯುಪಿಎಸ್ ಬ್ಯಾಟರಿ ಬದಲಾವಣೆ ಇವುಗಳಿಗೆ ನೀವೇ ಕಲಿಸಿದವರ ಪಟ್ಟಿಯೊಂದನ್ನು ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಕಚೇರಿ ಇಟ್ಟುಕೊಳ್ಳಬಹುದು. ಬ್ಯಾಂಕಿನ ಹೆಸರಿಗೆ ಬರೆದುಕೊಟ್ಟ ಬಿಲ್ಲೊಂದು ಕೈಯಲ್ಲಿದ್ದರೆ ಸಹಕಾರ ಸಂಘದವರೂ, ಖಾಸಗಿ ಶಾಲೆಯವರೂ ನಂಬಿ ಕೆಲಸ ಕೊಡುತ್ತಾರೆ.

ರಾಜ್ಯ ಮಟ್ಟದ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಮುಂದಿನ ಸಭೆಯ ಆರ್‌ಸೆಟಿ ತಖ್ತೆಯಲ್ಲಿ ತರಬೇತಿ ಪಡೆದವರ ಸಂಖ್ಯೆಯ ಪಕ್ಕಕ್ಕೆ ನಾಲ್ಕು ಕಾಲಂ ಸೇರಿಸಿ: ಶಾಖೆಗೆ ಹೋದ ಅರ್ಜಿ, ಕೇಳಿದ ಮೊತ್ತ, ಮಂಜೂರಾದ ಮೊತ್ತ, ತಿರಸ್ಕರಿಸಿದ್ದರೆ ಬರಹದಲ್ಲಿ ಕೊಟ್ಟ ಕಾರಣ. ಕಂಪ್ಯೂಟರ್, ಮೊಬೈಲ್, ಸಿಸಿಟಿವಿ ಬ್ಯಾಚುಗಳಿಗೆ ಮೊದಲು ಮಾಡಿ, ಹೈನುಗಾರಿಕೆ, ಹೊಲಿಗೆಯವರಿಗೆ ಆಮೇಲೆ ವಿಸ್ತರಿಸಿ.

ಇತಿ,
ಗ್ರಾಮೀಣ ತರಬೇತಿ ಕೇಂದ್ರಗಳಲ್ಲಿ ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಮತ್ತು ಸಿಸಿಟಿವಿ ಪಾಠ ಮಾಡುವ ಅತಿಥಿ ತರಬೇತುದಾರರು